ತೊಟ್ಟಿಯ ಕಲ್ಲು ಜರುಗಿಸುವ ನೂರ್ ಅಹಮದ್

ತುಮಕೂರಿನ ಗುಬ್ಬಿ ಗೇಟಿನಿಂದ ಒಳಕ್ಕೆ ತಿರುಗಿದರೆ, ಬ್ಯಾಟರಿ ಅಂಗಡಿಗೂ ಗಾಜು ಕತ್ತರಿಸುವ ಅಂಗಡಿಗೂ ನಡುವೆ ನೂರ್ ಅಹಮದನ ಮೀನಿನ ಅಂಗಡಿ ಇದೆ. ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು. ಬೋರ್ಡಿನ ಮೇಲೆ ದೊಡ್ಡದಾಗಿ ಹಾಗೆಂದು ಬರೆಸಿದ್ದರೂ ಭಾನುವಾರ ಬೆಳಿಗ್ಗೆ ಯಾರಾದರೂ ಚೀಲ ಹಿಡಿದು ಬಂದು "ಸಾರಿಗೆ ಕಟ್ಲಾ ಐತಾ?" ಅಂತ ಕೇಳುವುದುಂಟು. ನೂರ್ ಅಹಮದ್ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವನಲ್ಲ. ಅವನಿಗೆ ಸಿಟ್ಟು ಬರುವುದು, ತೊಟ್ಟಿಗಳ ಮುಂದೆ ಒಂದು ಸುತ್ತು ಹಾಕಿ ತರಕಾರಿ ಆರಿಸುವ ಹಾಗೆ "ಇದೊಂದು, ಅದೆರಡು, ಆ ಕೆಂಪುದೊಂದು ಹಾಕಪ್ಪ" ಅನ್ನುವ ಗಿರಾಕಿಗಳ ಮೇಲೆ.

"ತೊಟ್ಟೀಲಿ ಈಗ ಯಾರ್ಯಾರಿದಾರೆ?" ಎಂದು ಅವನು ಕೇಳುತ್ತಾನೆ.

ಅಲ್ಲಿಂದ ಶುರುವಾಗುವಂಥ ವಿಚಾರಣೆ ಹೆಣ್ಣು ಕೊಡುವವರ ಮನೆಯಲ್ಲೂ ನಡೆಯುವುದಿಲ್ಲ. ಇರುವ ಮೀನಿನ ವಯಸ್ಸೇನು, ಬಾಯಿ ಎಷ್ಟು ಅಗಲ, ಮಲಗುವುದು ಯಾವ ಮೂಲೆಯಲ್ಲಿ, ಕಾಳು ಹಾಕಿದಾಗ ಮೊದಲು ನುಗ್ಗುವುದು ಯಾರು, ಗಾಜಿಗೆ ಬೆರಳಿಟ್ಟರೆ ಓಡಿಹೋಗುತ್ತದೋ ಕಚ್ಚಲು ಬರುತ್ತದೋ. ಉತ್ತರ ಸರಿಬಂದರೆ ಮಾತ್ರ ಬಲೆ ಕೈಗೆತ್ತಿಕೊಳ್ಳುತ್ತಾನೆ. "ಆಸ್ಕರ್ ಇರೋ ಕಡೆಗೆ ಗಪ್ಪಿ ಕೊಡಲ್ಲ ಸಾರ್. ಅದು ಜೊತೆ ಅಲ್ಲ, ತಿಂಡಿ" ಎಂದು ಎಷ್ಟೋ ಜನರನ್ನು ಬರಿಗೈಯಲ್ಲಿ ಕಳಿಸಿದ್ದಾನೆ. ಫ್ಲವರ್‌ಹಾರ್ನ್ ಸಾಕಿಕೊಂಡವರು ಜೊತೆ ಕೇಳಿದರೆ, "ಅದರ ಮುಂದೆ ಒಂದು ಕನ್ನಡಿ ಹಿಡೀರಿ. ತನ್ನ ಮುಖದ ಮೇಲೇ ಜಗಳಕ್ಕೆ ಹೋಗುತ್ತೆ. ಅದನ್ನ ಒಂಟಿಯಾಗಿ ಬಿಟ್ಟುಬಿಡಿ" ಅನ್ನುತ್ತಾನೆ. ಹೀಗೆ ವ್ಯಾಪಾರ ಮಾಡುವ ಮನುಷ್ಯ ಇಷ್ಟು ವರ್ಷ ಹೇಗೆ ಬಾಗಿಲು ತೆರೆದಿಟ್ಟಿದ್ದಾನೆ ಎನ್ನುವುದು ಪಕ್ಕದ ಬ್ಯಾಟರಿ ಅಂಗಡಿಯವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ನಿಟ್ಟೂರಿನ ಹನುಮಂತರಾಜು ಅವನ ಅಂಗಡಿಗೆ ಬಂದದ್ದು ಇಂಥದ್ದೇ ಕೆಲಸಕ್ಕೆ. ಹನುಮಂತರಾಜುವಿನದು ಬೈಕ್ ರಿಪೇರಿ. ಕಾಯುವ ಗಿರಾಕಿಗಳಿಗೆ ಹೊತ್ತು ಹೋಗಲಿ ಅಂತ ಅಂಗಡಿಯಲ್ಲಿ ದೊಡ್ಡದೊಂದು ತೊಟ್ಟಿ ಇಟ್ಟು, ಅದರಲ್ಲೊಂದು ಆಸ್ಕರ್ ಬಿಟ್ಟಿದ್ದ. ಬರುವಾಗ ಬೆರಳುದ್ದ ಇದ್ದದ್ದು ತಿಂದು ತಿಂದು ರೊಟ್ಟಿಯಗಲ ಆಗಿ, ಪೈಲ್ವಾನ ಅಂತ ಹೆಸರು ಪಡೆದಿತ್ತು. ಯಜಮಾನನ ಕೈ ಕಂಡರೆ ನಾಯಿಮರಿಯ ಹಾಗೆ ಓಡಿಬರುತ್ತಿತ್ತು. ಬೇರೆ ಮೀನು ಕಂಡರೆ ಮಾತ್ರ ಕಣ್ಣು ಕೆಂಪಾಗುತ್ತಿತ್ತು. ಜೊತೆಗೆ ಬಿಟ್ಟ ಗೋಲ್ಡ್ ಫಿಶ್ ಒಂದು ರಾತ್ರಿಯೂ ಬಾಳಲಿಲ್ಲ.

"ಒಂಟಿ ಆಗೋಗದೆ ಅಣ್ಣಾ" ಎಂದ ಹನುಮಂತರಾಜು. "ದಿನಾ ಗೋಡೆ ನೋಡ್ಕಂಡು ನಿಂತಿರ್ತದೆ. ನೋಡಕ್ಕಾಗಲ್ಲ."

ಆ ಮಾತು ನೂರ್ ಅಹಮದನಿಗೆ ಹಿಡಿಸಿಬಿಟ್ಟಿತು. ಚೆಂದಕ್ಕೆ ಅಂತ ಜೊತೆ ಕೇಳುವವರೇ ಹೆಚ್ಚು, ಮೀನಿನ ಒಂಟಿತನ ನೋಡಲಾರದೆ ಬಂದವನು ಇವನೊಬ್ಬನೇ. ವಿಚಾರಣೆಯೆಲ್ಲ ಮುಗಿಸಿ, ಪೈಲ್ವಾನನಷ್ಟೇ ಮೈಕಟ್ಟಿನ, ಯಾರ ತಂಟೆಗೂ ಹೋಗದ, ಹಾಗಂತ ಹೆದರಿ ಓಡಲೂ ಓಡದ ಒಂದು ಸೆವೆರಮ್ ಮೀನು ಆರಿಸಿಕೊಟ್ಟ. ಆಮೇಲೆ ತನ್ನ ಉಪದೇಶ ಶುರುಮಾಡಿದ. ಮೊದಲು ಪೈಲ್ವಾನನನ್ನು ಬಕೆಟ್ಟಿಗೆ ತೆಗೆಯಬೇಕು. ತೊಟ್ಟಿಯೊಳಗಿನ ಕಲ್ಲು, ಕೊರಡು, ಗಿಡ ಎಲ್ಲವನ್ನೂ ಜರುಗಿಸಬೇಕು. ಹೊಟ್ಟೆ ತುಂಬ ತಿನ್ನಿಸಬೇಕು. ಲೈಟ್ ಆರಿಸಿ ಇಬ್ಬರನ್ನೂ ಒಟ್ಟಿಗೇ ಒಳಕ್ಕೆ ಬಿಡಬೇಕು.

"ಹಳಬಂಗೂ ಜಾಗ ಹೊಸದು, ಹೊಸಬಂಗೂ ಹೊಸದು. ಇದು ನನ್ನ ಮೂಲೆ ಅನ್ನೋಕೆ ಯಾರಿಗೂ ಮೂಲೆ ಇರಲ್ಲ. ಜಗಳ ಎಲ್ಲಾ ಮೂಲೆಗೆ ಕಣಪ್ಪಾ" ಎಂದ ನೂರ್ ಅಹಮದ್. ಈ ಮಾತನ್ನು ಅವನು ಎಷ್ಟು ಜನಕ್ಕೆ ಹೇಳಿದ್ದನೋ. ಹೇಳಿ ಹೇಳಿ, ಅದು ಮೀನಿಗಷ್ಟೇ ಅನ್ವಯಿಸುವ ಮಾತು ಅನ್ನುವುದೇ ಮರೆತುಹೋಗಿತ್ತು ಅಂತ ಕಾಣುತ್ತದೆ.

ಅದೇ ದಿನಗಳಲ್ಲಿ ಅವನ ತಲೆ ತಿನ್ನುತ್ತಿದ್ದದ್ದು ಅಕ್ಕ ಜಮಾಲುನ್ನೀಸಾಳ ವಿಷಯ. ಕುಣಿಗಲ್ಲಿನಲ್ಲಿ ಹೊಲಿಗೆ ಕ್ಲಾಸು ನಡೆಸಿದವಳು. ಅವಳ ಕೈಯಲ್ಲಿ ಬ್ಲೌಸು ಕತ್ತರಿಸಲು ಕಲಿಯದ ಹೆಣ್ಣುಮಕ್ಕಳು ಆ ಊರಲ್ಲಿ ಕಡಿಮೆ. ತಾಯಿ ತೀರಿಕೊಂಡಾಗ ನೂರ್ ಇನ್ನೂ ಚಡ್ಡಿ ಹಾಕುತ್ತಿದ್ದ, ಚಿಕ್ಕ ತಂಗಿ ತೊಟ್ಟಿಲಲ್ಲಿದ್ದಳು. ಇಬ್ಬರನ್ನೂ ದಡ ಸೇರಿಸುವಷ್ಟರಲ್ಲಿ ಅವಳ ಮದುವೆಯ ಮಾತನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಅವಳೂ ನೆನಪಿಸಲು ಹೋಗಲಿಲ್ಲ. ನೂರ್ ಅಹಮದನ ಸ್ಕೂಲ್ ಯೂನಿಫಾರಮ್ಮಿಗೆ "ಬೆಳೆಯೋ ಹುಡುಗ" ಅಂತ ಗೇಣು ಬಟ್ಟೆ ಒಳಕ್ಕೆ ಮಡಿಸಿ ಹೊಲಿಯುತ್ತಿದ್ದಳು. ಹುಡುಗ ಬೆಳೆದ ಹಾಗೆ ಆ ಮಡಿಕೆ ಬಿಚ್ಚುತ್ತಾ ಹೋಗುತ್ತಿತ್ತು. ಒಳ್ಳೆ ಪ್ಯಾಂಟು ಕಂಡಾಗೆಲ್ಲ ಇವತ್ತಿಗೂ ಅವನು ಮೊದಲು ತಿರುವಿ ನೋಡುವುದು ಕೆಳಗಿನ ಮಡಿಕೆಯನ್ನೇ.

ಈ ಅಕ್ಕ ಬೈಯುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಎಲ್ಲರ ಹಾಗೆ ಉರ್ದುವಿನಲ್ಲೇ ಮಾತು. ಬೈಯುವುದಕ್ಕೆ ಮಾತ್ರ ಅಪ್ಪಟ ಕುಣಿಗಲ್ ಕನ್ನಡ. ಜೀವನವೆಲ್ಲ ಊರ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾ, ಅಂಕುಡೊಂಕು ಹೊಲಿದವರಿಗೆ "ಏನೇ ಇದು, ಎತ್ತಿನ್ ಮೂತ್ರ ಹೋದಂಗ್ ಹೋಗದೆ" ಅಂತ ಉಗಿಯುತ್ತಾ ಬಂದ ನಾಲಿಗೆ ಅದು. ಅಕ್ಕ ಕನ್ನಡದಲ್ಲಿ ಬೈಯುತ್ತಿದ್ದಾಳೆ ಅಂದರೆ ನೆಮ್ಮದಿಯಾಗಿದ್ದಾಳೆ ಅಂತ ಅರ್ಥ. "ಜೀ", "ಶುಕ್ರಿಯಾ" ಅಂತ ನಯವಾದ ಉರ್ದು ಶುರುವಾಯಿತೋ, ಮನಸ್ಸು ಮುರಿದಿದೆ ಅಂತಲೇ ಲೆಕ್ಕ. ಇದು ನೂರ್ ಅಹಮದನಿಗೆ ಚಿಕ್ಕಂದಿನಿಂದಲೂ ಗೊತ್ತು.

ಕುಣಿಗಲ್ಲಿನಲ್ಲಿ ಅವಳಿದ್ದ ಬಾಡಿಗೆ ಮನೆಯನ್ನು ಕೆಡವಿ ಹೊಸದು ಕಟ್ಟುತ್ತೇವೆ ಅಂದರು ಮಾಲೀಕರು. ತನ್ನ ಹೊಲಿಗೆ ಮಿಶನ್ನನ್ನು ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ಹತ್ತಿರ ಬಿಟ್ಟು, ಮೊದಲು ಗುಬ್ಬಿಯಲ್ಲಿದ್ದ ತಂಗಿಯ ಮನೆಗೆ ಹೋದಳು. ಆ ಮಿಶನ್ನು ಅವಳ ಜೀವ. ಆದರೆ ಗುಬ್ಬಿಯಲ್ಲಿದ್ದಷ್ಟು ದಿನವೂ ಅದನ್ನು ತರಿಸಿ ಅಂತ ಬಾಯಿ ಬಿಡಲಿಲ್ಲ. ಎರಡು ತಿಂಗಳೊಳಗೆ ಕುಣಿಗಲ್ಲಿಗೆ ವಾಪಸ್ಸು ಬಂದು, ಲಕ್ಷ್ಮೀದೇವಮ್ಮನ ಮುಂಬಾಗಿಲ ಕೋಣೆಯಲ್ಲಿ ಚಾಪೆ ಹಾಸಿದಳು. "ಎಲ್ಲಾ ಚೆನ್ನಾಗಿ ನೋಡಿಕೊಂಡರು" ಎಂದಳು ತಮ್ಮನಿಗೆ ಫೋನಿನಲ್ಲಿ, ನಯವಾದ ಉರ್ದುವಿನಲ್ಲಿ.

ಆ ಉರ್ದು ಕೇಳಿದ್ದೇ ನೂರ್ ಅಹಮದ್ ಅಂಗಡಿಗೆ ಬಾಗಿಲು ಹಾಕಿದ. ಆವತ್ತೇ ಬಸ್ಸು ಹತ್ತಿ, ಅವಳನ್ನು ತನ್ನ ಮನೆಗೆ ಕರೆತರಲು ಕುಣಿಗಲ್ಲಿಗೆ ಹೋದ.

"ನಿನ್ ಹೆಂಡ್ತಿಗೂ ನಂಗೂ ಆಗಲ್ಲ ಕಣೋ" ಎಂದು ಕನ್ನಡದಲ್ಲೇ ಗದರಿದಳು ಅಕ್ಕ. "ಅವಳೂ ಬಿಡೋಳಲ್ಲ, ನಾನೂ ಬಿಡೋಳಲ್ಲ. ಅಮೃತೂರಲ್ಲಿ ನನ್ ಶಿಷ್ಯೆ ಮಂಜುಳಮ್ಮ ಅವ್ಳೆ. ಟೈಲರ್ ಅಂಗಡಿ ಹಿಂದೆ ಒಂದು ರೂಮದೆ, ಬನ್ನಿ ಮೇಡಮ್ ಅಂತವ್ಳೆ."

"ನಾನು ಬದುಕಿರೋವಾಗ ನೀನು ಅಂಗಡಿ ಹಿಂದಿನ್ ರೂಮಲ್ಲಿ ಇರ್ತೀಯಾ ಆಪಾ?"

ಕೊನೆಗೆ ಅಕ್ಕ, "ಒಂದ್ ತಿಂಗಳು ನಿನ್ ಮನೇಲಿ ಇದ್ದು ನೋಡ್ತೀನಿ. ಮಿಶನ್ ಇಲ್ಲೇ ಇರ್ಲಿ. ಅದು ಎಲ್ಲಿಗೋಗ್ಬೇಕು ಅಂತ ಆಮೇಲ್ ನೋಡಣ" ಎಂದಳು. ನೂರ್ ಅಹಮದ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಮಿಶನ್ನಿನ ಕಡೆ ನೋಡಿದ. ಅದು ತುಮಕೂರಿಗೆ ಬಂದರೆ ಅಕ್ಕ ಬಂದ ಹಾಗೆ. ಅಮೃತೂರಿಗೆ ಹೋದರೆ, ತನ್ನನ್ನು ಸಾಕಿದವಳು ಕೊನೆಗಾಲದಲ್ಲಿ ಪರರ ಗೋಡೆ ನೋಡಿಕೊಂಡು ಇರುತ್ತಾಳೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನಿಗೆ ಬೇರೇನೂ ತೋಚಲಿಲ್ಲ.

ಹೆಂಡತಿ ಅರ್ಶಿಯಾ ಕೆಟ್ಟವಳೇನಲ್ಲ. ಸುದ್ದಿ ಕೇಳಿ, "ಬರ್ಲಿ, ನಾನ್ ಬೇಡ ಅಂದ್ನಾ?" ಅಂದಳು. ಆದರೆ ಅವಳ ಅಡುಗೆಮನೆ ಅವಳ ರಾಜ್ಯ. ಕರೆಂಟ್ ಹೋದರೂ ಕೈ ಚಾಚಿದ ಕಡೆ ಜೀರಿಗೆ, ಇನ್ನೊಂದು ಕೈ ಚಾಚಿದ ಕಡೆ ಅರಿಶಿನ. ಒಂದು ಚಮಚ ಬೇರೆ ಗೂಟಕ್ಕೆ ನೇತಾಡಿದರೆ ಮಧ್ಯಾಹ್ನದವರೆಗೂ ಮುಖ ಗಂಟು. ಜಮಾಲುನ್ನೀಸಾಳೋ, ಕಾಲಿಟ್ಟ ಮನೆಯಲ್ಲೆಲ್ಲ ಮಡಿಸಿಟ್ಟ ಬಟ್ಟೆಯನ್ನು ಮತ್ತೆ ಮಡಿಸುವವಳು. ಇಬ್ಬರೂ ಒಂದೇ ಗಾತ್ರದ ಮೀನುಗಳು, ಒಂದೇ ಬಣ್ಣದ ಕೋಪ. ಗಿರಾಕಿ ಯಾರಾದರೂ ಇಂಥ ಜೋಡಿ ಕೇಳಿಕೊಂಡು ಬಂದಿದ್ದರೆ ನೂರ್ ಅಹಮದ್ ಬಲೆಯನ್ನೇ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಹನುಮಂತರಾಜುವಿನ ಫೋನು ಬಂತು. "ಅಣ್ಣಾ, ನೀವ್ ಹೇಳ್ದಂಗೆ ಕಲ್ಲೆಲ್ಲಾ ಜರುಗುಸ್ದೆ. ಎರಡೂ ತೆಪ್ಪಗವೆ! ಒಂದ್ ಏಟಿಲ್ಲ, ಒಂದ್ ಕಚ್ಚಾಟ ಇಲ್ಲ!"

ನೂರ್ ಅಹಮದನ ತಲೆಯಲ್ಲಿ ಟ್ಯೂಬ್‌ಲೈಟ್ ಹತ್ತಿಕೊಂಡದ್ದು ಆಗಲೇ. ಕೆಲವು ಜನಕ್ಕೆ ಹೀಗೆ, ಅರ್ಧ ಗೆಲುವು ಸಿಕ್ಕರೆ ಸಾಕು, ಪೂರ್ತಿ ಕೆಡಿಸಿಕೊಳ್ಳಲು.

ಅಕ್ಕ ಬರುವ ದಿನ ಅರ್ಶಿಯಾ ಮಗಳು ಸಿದ್ರಾಳನ್ನು ಕರೆದುಕೊಂಡು ಗೂಳೂರಿಗೆ ನೆಂಟರ ನಿಶ್ಚಿತಾರ್ಥಕ್ಕೆ ಹೋಗಿದ್ದಳು. ನೂರ್ ಅಹಮದ್ ಅಂಗಡಿಗೆ ಬಾಗಿಲು ಹಾಕಿ ಬಂದು, ಲುಂಗಿ ಎತ್ತಿ ಕಟ್ಟಿ ಕೆಲಸಕ್ಕಿಳಿದ. ಫ್ರಿಜ್ಜನ್ನು ನಡುಮನೆಗೆ ದೂಡಿದ. ಮಂಚವನ್ನು ಕಿಟಕಿಯಿಂದ ಬಾಗಿಲ ಕಡೆಗೆ ತಿರುಗಿಸಿದ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಹೊಸ ಹೊಸ ಜಾಗದಲ್ಲಿ ಜೋಡಿಸಿದ. ಉಪ್ಪು ಮೇಲಿನ ಶೆಲ್ಫಿಗೆ ಹೋಯಿತು, ಟೀಪುಡಿ ಅಕ್ಕಿಯ ಡ್ರಮ್ಮಿನ ಹಿಂದಕ್ಕೆ, ಅರಿಶಿನ ಎಲ್ಲಿಗೆ ಹೋಯಿತು ಅಂತ ಅವನಿಗೂ ಸರಿಯಾಗಿ ನೆನಪಿಲ್ಲ. ಹೊಟ್ಟೆ ತುಂಬಿಸಬೇಕಲ್ಲ, ಅದಕ್ಕೆ ಬಿರಿಯಾನಿ ಪಾರ್ಸಲ್ ತಂದಿಟ್ಟ. ಸಂಜೆ ಹೆಂಗಸರು ಬಂದು ಸೇರುವ ಹೊತ್ತಿಗೆ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ ಒಂದೇ ಒಂದು ಜೀರೋ ಬಲ್ಬು ಹಾಕಿದ. ಬೆವರು ಒರೆಸಿಕೊಂಡು ನಿಂತಾಗ ಅವನಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿಬಂತು, ಪಾಪ.

ಜಮಾಲುನ್ನೀಸಾ ಒಂದೇ ಒಂದು ಬ್ಯಾಗು ಹಿಡಿದು ಒಳಗೆ ಬಂದಳು. ಹಿಂದೆಯೇ ಗೂಳೂರಿನಿಂದ ಅರ್ಶಿಯಾ ಬಂದಳು. ಮಬ್ಬು ಬೆಳಕಿನಲ್ಲಿ ಇಬ್ಬರೂ ಸಲಾಂ ಹೇಳಿಕೊಂಡರು. ಅರ್ಶಿಯಾ ನೀರು ತರಲು ಹೋಗಿ, ನಡುಮನೆಯಲ್ಲಿ ಎದುರಾದ ಫ್ರಿಜ್ಜಿಗೆ ಹಣೆ ಬಡಿಸಿಕೊಂಡಳು. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಶೆಲ್ಫುಗಳನ್ನೇ ನೋಡಿದಳು. ನೂರ್ ಅಹಮದ್ ಒಂದು ಕೂಗಾಟಕ್ಕೆ ತಯಾರಾಗಿ ಕಾದ. ಅವಳು ತಿರುಗಿ ಬಂದು ಬಿರಿಯಾನಿಯನ್ನು ತಟ್ಟೆಗೆ ಹಾಕಿ, "ಊಟ ಮಾಡಿ ಆಪಾ" ಎಂದಳು. "ಜೀ, ಶುಕ್ರಿಯಾ" ಎಂದಳು ಅಕ್ಕ.

ಕೆಲಸ ಕೆಟ್ಟಿದೆ ಅಂತ ತಿಳಿಯಲು ನೂರ್ ಅಹಮದನಿಗೆ ಆ ಒಂದು ಶುಕ್ರಿಯಾ ಸಾಕಾಯಿತು.

ನಡೆದದ್ದಿಷ್ಟೇ. ಗಂಡ ತನ್ನ ಅಕ್ಕನ ಸುಖಕ್ಕೆ ಅಂತ ಮನೆಯನ್ನೆಲ್ಲ ಬದಲಾಯಿಸಿದ್ದಾನೆ, ಅವಳೇ ಫೋನಿನಲ್ಲಿ ಹೇಳಿ ಮಾಡಿಸಿರಬೇಕು ಅಂತ ಅರ್ಶಿಯಾ ತಿಳಿದಳು. ಅಕ್ಕನೋ, ಹೋದ ಹಬ್ಬದಲ್ಲಿ ಕೈಗೆ ಸಿಗುತ್ತಿದ್ದ ಉಪ್ಪಿನ ಡಬ್ಬಿ ಈಗ ತನ್ನ ನೋಯುವ ಭುಜ ಏರದಷ್ಟು ಎತ್ತರಕ್ಕೆ ಹೋಗಿದೆ, ನೀನು ಅಡುಗೆಮನೆಗೆ ಬರಬೇಡ ಅಂತ ಅರ್ಶಿಯಾ ಹೇಳದೆಯೇ ಹೇಳುತ್ತಿದ್ದಾಳೆ ಅಂತ ತಿಳಿದಳು. ಇಬ್ಬರೂ ಮರ್ಯಾದಸ್ಥರು, ಆದ್ದರಿಂದ ಇಬ್ಬರೂ ಕೇಳಲಿಲ್ಲ. ಮನೆಯಲ್ಲಿ "ಜೀ" ಮತ್ತು "ಶುಕ್ರಿಯಾ" ಬಿಟ್ಟು ಬೇರೆ ಮಾತೇ ಇಲ್ಲವಾಯಿತು. ಅಕ್ಕ ಮಡಿಸಿಟ್ಟ ಬಟ್ಟೆಗಳ ಕಡೆ ತಿರುಗಿಯೂ ನೋಡಲಿಲ್ಲ. ಗಂಡನಿಗಾದರೂ ಬೈಯಬಾರದೇ ಅಂದರೆ, ಅತ್ತಿಗೆಯ ಎದುರು ಬೈಯುವುದು ಸರಿಯಲ್ಲ ಅಂತ ಅರ್ಶಿಯಾ ಅದನ್ನೂ ನುಂಗಿಕೊಂಡಳು.

ನೂರ್ ಅಹಮದ್ ಒಮ್ಮೆ ಬಾಯಿ ತೆರೆಯಲು ನೋಡಿದ. ಸಿದ್ರಾ ಅವನನ್ನು ಪಕ್ಕಕ್ಕೆ ಎಳೆದು, "ಅಬ್ಬಾ, ನೀವು ಸುಮ್ನಿರಿ. ಇನ್ನೊಂದು ಡಬ್ಬಿ ಅಲ್ಲಾಡಿದ್ರೂ ಮನೆ ಸಿಡಿಯುತ್ತೆ" ಎಂದಳು. ಮಗಳು ಕಾಲೇಜಿಗೆ ಹೋಗುವವಳು, ಹೇಳಿದ್ದು ಸರಿಯಿರಬೇಕು ಅಂತ ಅವನು ಸುಮ್ಮನಾದ. ಅದೊಂದು ಮಾತು ಮಾತ್ರ ಅವನು ಕೇಳಬಾರದಿತ್ತು.

ತಿಂಗಳು ಮುಗಿಯುತ್ತಾ ಬಂತು. ಹನುಮಂತರಾಜು ಮತ್ತೆ ಫೋನು ಮಾಡಿದ. ಈ ಸಲ ದನಿ ಇಳಿದಿತ್ತು. "ಜಗಳ ಇಲ್ಲ ಅಣ್ಣಾ, ದಿಟ. ಆದ್ರೆ ಅದೊಂದ್ ಮೂಲೇಲಿ, ಇದೊಂದ್ ಮೂಲೇಲಿ. ರೆಕ್ಕೆ ನಿಗುರಿಸ್ಕಂಡು ಒಂದನ್ನೊಂದು ನೋಡ್ಕಂಡೇ ನಿಂತವೆ. ಎರಡೂ ಊಟ ಬುಟ್ಟವೆ."

ಫೋನಿಟ್ಟು ಮನೆಗೆ ಬಂದರೆ, ಬಾಗಿಲ ಪಕ್ಕದಲ್ಲಿ ಅಕ್ಕನ ಬ್ಯಾಗು ಜಿಪ್ಪು ಎಳೆದು ಕೂತಿತ್ತು. "ಬೆಳಿಗ್ಗೆ ಅಮೃತೂರಿಗೆ ಹೋಗ್ತೀನಿ" ಎಂದಳು ಅಕ್ಕ ಉರ್ದುವಿನಲ್ಲಿ, ಬಹಳ ನಯವಾಗಿ. "ಎಲ್ಲಾ ಚೆನ್ನಾಗಿ ನೋಡಿಕೊಂಡ್ರಿ."

ನೂರ್ ಅಹಮದನಿಗೆ ಅಳು ಬಂತು. ನಲವತ್ತು ದಾಟಿದ ಗಂಡಸು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತ.

ಬೆಳಿಗ್ಗೆ ಜಮಾಲುನ್ನೀಸಾ, ಹೋಗುವ ಮುಂಚೆ ತಮ್ಮನಿಗೆ ಒಂದು ಬಾರಿ ತನ್ನ ಕೈಯ ಹುಳಿಹುಳಿ ಖಟ್ಟಾ ಸಾರು ಮಾಡಿಟ್ಟು ಹೋಗೋಣ ಅಂತ ಅಡುಗೆಮನೆಗೆ ಹೋದಳು. ಹುಣಿಸೆಹುಳಿ ಸಿಕ್ಕಿತು. ಅರಿಶಿನ ಸಿಗಲಿಲ್ಲ. ಹುಡುಕಿದಳು, ಬಗ್ಗಿದಳು, ಎದ್ದಳು. ಅರ್ಶಿಯಾ ಬಂದು ಅವಳೂ ಹುಡುಕತೊಡಗಿದಳು. ಕೊನೆಗೆ ಅಕ್ಕನ ತಾಳ್ಮೆ ಹರಿದುಹೋಯಿತು. ನಯವಾದ ಉರ್ದು ಎಲ್ಲಿ ಹೋಯಿತೋ ದೇವರೇ ಬಲ್ಲ.

"ಅಲ್ಲಾ ಕಣೇ ಅರ್ಶಿಯಾ, ಅರಿಶಿನ ಎಲ್ ಮಡಗಿದೀಯೇ? ಉಪ್ಪು ನೋಡಿದ್ರೆ ಆಕಾಶದಾಗೆ! ನಾನ್ ಬರಬಾರ್ದು ಅಂತಿದ್ರೆ ಬಾಯ್ಬಿಟ್ಟು ಹೇಳ್ಬೇಕಪ್ಪ!"

ಅರ್ಶಿಯಾ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. "ನಾನಾ? ನಂಗೇ ಅರಿಶಿನ ಸಿಗ್ದೆ ತಿಂಗ್ಳಾಗ್ತಾ ಬಂತು ಆಪಾ. ಡೈಲಿ ಪಕ್ಕದ ಮನೆಯಿಂದ ತರ್ತಿದೀನಿ. ನೀವ್ ಹೇಳಿ ಮಾಡ್ಸಿದ್ದು ಅಂತ ಸುಮ್ನಿದ್ದೆ."

"ನಾನ್ ಯಾಕೇ ಹೇಳ್ಲಿ?"

ಇಬ್ಬರೂ ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ನಡುಮನೆಯ ಕಡೆ ತಿರುಗಿದರು.

"ನೂರ್!"

ಅವನು ಬಂದು ಹೊಸ್ತಿಲಲ್ಲಿ ನಿಂತ. ಎಲ್ಲವನ್ನೂ ಹೇಳಿಬಿಟ್ಟ. ಪೈಲ್ವಾನನ ವಿಷಯ, ಕಲ್ಲು ಜರುಗಿಸುವ ವಿಷಯ, ಹಳಬರಿಗೂ ಹೊಸಬರಿಗೂ ಮೂಲೆ ಇಲ್ಲದ ಹಾಗೆ ಮಾಡುವ ವಿಷಯ, ಜೀರೋ ಬಲ್ಬಿನ ವಿಷಯ. ಕೇಳುತ್ತಾ ಕೇಳುತ್ತಾ ಅಕ್ಕನ ಬಾಯಿ ತೆರೆದೇ ಉಳಿಯಿತು.

"ಮೀನಾ?" ಎಂದಳು ಕೊನೆಗೆ. "ಏನ್ಲಾ, ನಮ್ಮಿಬ್ರನ್ನೂ ಮೀನು ಅಂದ್ಕಂಡ್ಯೇನ್ಲಾ? ನಿನ್ನ ಎತ್ತಿ ಆಡ್ಸಿದ್ ಕೈ ಇದು, ನಂಗೇ ಜೀರೋ ಬಲ್ಬ್ ಹಾಕ್ತೀಯಾ?"

"ನನ್ ಹಣೆ ನೋಡಿ ಆಪಾ, ಫ್ರಿಜ್ ಬಡಿದ ಕಲೆ ಇನ್ನೂ ಹೋಗಿಲ್ಲ" ಎಂದಳು ಅರ್ಶಿಯಾ.

"ತೋರ್ಸು. ಅಯ್ಯೋ! ಇವನ್ನ ನಾನೇ ಸಾಕಿದ್ದು ಕಣೇ. ಎಲ್ ತಪ್ ಮಾಡ್ದೆ ಅಂತ ಗೊತ್ತಾಗ್ತಿಲ್ಲ."

ಆಮೇಲೆ ನಡೆದದ್ದನ್ನು ಬೈಗುಳ ಅನ್ನುವುದಕ್ಕಿಂತ ಹಬ್ಬ ಅನ್ನಬೇಕು. ತಿಂಗಳಿಡೀ ಅದುಮಿಟ್ಟದ್ದೆಲ್ಲ ಹೊರಗೆ ಬಂತು, ಬಂದದ್ದೆಲ್ಲ ನೂರ್ ಅಹಮದನ ತಲೆಯ ಮೇಲೆ ಬಿತ್ತು. ಒಬ್ಬಳು ನಿಲ್ಲಿಸಿದ ಕಡೆ ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು. ಅವನ ಚಿಕ್ಕಂದಿನ ಪೆದ್ದುತನಗಳನ್ನು ಅಕ್ಕ ಹೇಳಿದರೆ, ಮದುವೆಯಾದ ಮೇಲಿನವನ್ನು ಅರ್ಶಿಯಾ ಹೇಳಿದಳು. ನಡುನಡುವೆ ಇಬ್ಬರೂ ನಕ್ಕರು. ಬೈಯುತ್ತಲೇ ಡಬ್ಬಿಗಳನ್ನೆಲ್ಲ ಇಳಿಸಿದರು. "ಇದೆಲ್ಲಿತ್ತೇ?" ಎಂದು ಅಕ್ಕ ಕೇಳುವುದು, "ಅಲ್ಲಿ ಆಪಾ, ಒಲೆಯ ಬಲಕ್ಕೆ" ಎಂದು ಅರ್ಶಿಯಾ ಹೇಳುವುದು, ಅಕ್ಕ ತನ್ನ ಕೈಯಾರೆ ಇಡುವುದು. ಕೊನೆಯ ಡಬ್ಬಿ ಕೂರುವಷ್ಟರಲ್ಲಿ ಆ ಅಡುಗೆಮನೆ ಅಕ್ಕನಿಗೂ ಬಾಯಿಪಾಠವಾಗಿತ್ತು. ಉಪ್ಪಿನ ಡಬ್ಬಿಯನ್ನು ಮಾತ್ರ ಅರ್ಶಿಯಾ ಹಳೆಯ ಜಾಗದಲ್ಲಿಡಲಿಲ್ಲ. ಭುಜ ಎತ್ತದೆ ಸಿಗುವ ಹಾಗೆ ಇನ್ನೊಂದು ಶೆಲ್ಫು ಕೆಳಗೆ ಇಟ್ಟಳು. ಅರಿಶಿನ ಸಿಕ್ಕಿದ್ದು ಫ್ರಿಜ್ಜಿನ ತಲೆಯ ಮೇಲೆ, ಅಂಗಡಿಯಿಂದ ತಂದಿಟ್ಟಿದ್ದ ಮೀನಿನ ಕಾಳಿನ ಡಬ್ಬಿಯ ಹಿಂದೆ. ಅದಕ್ಕೆ ಇನ್ನೊಂದು ಸುತ್ತು ಬೈಗುಳವಾಯಿತು.

ಬ್ಯಾಗು ಆವತ್ತು ಬಾಗಿಲ ಪಕ್ಕದಿಂದ ಕದಲಲಿಲ್ಲ. ಬಿಚ್ಚಲೂ ಇಲ್ಲ. ಕೇಳುವ ಧೈರ್ಯ ನೂರ್ ಅಹಮದನಿಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಹನುಮಂತರಾಜು ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕುಸಿದ. ಎರಡು ಮೀನನ್ನೂ ಬೇರೆ ಮಾಡಿಬಿಡೋಣವಾ ಅಂತ ಕೇಳಿದ. ನೂರ್ ಅಹಮದ್ ಬಲೆ ತೆಗೆದುಕೊಂಡು ಮೂಲೆಯ ತೊಟ್ಟಿಗೆ ಹೋದ. ಅಲ್ಲಿ ಸಿಲ್ವರ್ ಡಾಲರ್ ಮೀನುಗಳ ಗುಂಪು, ತಟ್ಟೆಯ ಹಾಗೆ ಚಪ್ಪಟೆ ಮೈ, ಬೆಳ್ಳಗೆ, ಒಂದು ಗಳಿಗೆ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದವು. ಪೈಲ್ವಾನನ ಬಾಯಿಗೆ ಹಿಡಿಸದಷ್ಟು ಬೆಳೆದವನ್ನೇ ಆರಿಸಿ ಚೀಲಕ್ಕೆ ಹಾಕತೊಡಗಿದ.

"ಕಲ್ಲು ಜರುಗಿಸಿದ್ದು ತಪ್ಪಲ್ಲ ರಾಜು. ಅಷ್ಟೇ ಸಾಕು ಅಂದ್ಕೊಂಡಿದ್ದು ತಪ್ಪು" ಎಂದ. "ಇವು ತೊಟ್ಟಿ ನಡುವೆ ಓಡಾಡ್ತಾ ಇರ್ತವೆ. ಪೈಲ್ವಾನನೂ ಅಟ್ಟಿಸ್ಕೊಂಡು ಹೋಗ್ತಾನೆ, ಸೆವೆರಮ್ಮೂ ಅಟ್ಟಿಸ್ಕೊಂಡು ಹೋಗುತ್ತೆ. ಯಾರ ಕೈಗೂ ಸಿಗಲ್ಲ. ಅಟ್ಟಿಸೋ ಕೆಲಸದಲ್ಲಿ ಅವರಿಬ್ರೂ ಒಬ್ಬರ ಮೇಲೊಬ್ಬರು ಕಣ್ಣಿಡೋದೇ ಮರ್ತೋಗ್ತಾರೆ."

"ಪಾಪ, ಈ ಮೀನುಗಳಿಗೆ ಕಷ್ಟ ಅಲ್ವಾ ಅಣ್ಣಾ?"

ನೂರ್ ಅಹಮದ್ ಚೀಲದ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾ ಯೋಚಿಸಿದ. "ಇಲ್ಲ ಕಣಪ್ಪಾ. ನಾಕ್ ಸುತ್ತು ಓಡಿದ್ರೆ ಹಸಿವು ಚೆನ್ನಾಗಾಗುತ್ತೆ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಕೈ ಒದ್ದೆಯಿದ್ದದ್ದರಿಂದ ಸ್ಪೀಕರಿಗೆ ಹಾಕಿದ. ಅರ್ಶಿಯಾ ಆಗಲೇ ಶುರುಮಾಡಿಬಿಟ್ಟಿದ್ದಳು. ನಿನ್ನೆ ಮಂಚ ಮೊದಲಿನ ಜಾಗಕ್ಕೆ ತಿರುಗಿಸಿಟ್ಟು ಹೋಗಿದ್ದೀರಿ, ಒಂದು ಕಾಲು ಕುಂಟುತ್ತಿದೆ, ಕೂತವರು ಬಿದ್ದರೆ ಯಾರು ಜವಾಬ್ದಾರಿ ಅಂತ. ಹಿಂದಿನಿಂದ ಅಕ್ಕನ ದನಿ ಏರಿಬಂತು. "ಇಲ್ ಕೊಡೇ ಫೋನು. ಏನ್ಲಾ ನೂರಾ, ಈರುಳ್ಳಿ ತತ್ತೀನಿ ಅಂದೋನು ಎಲ್ಲಿ ಮಲಗಿದೀಯ? ಸಿದ್ರಾ ಕಮೀಜಿನ್ ತೋಳು ಬಿಚ್ಚೋಗದೆ, ಹುಡುಗಿ ಪಿನ್ ಚುಚ್ಕಂಡು ಕಾಲೇಜಿಗೋಗವ್ಳೆ. ನಾಚ್ಕೆ ಆಗಲ್ವಾ ನಿಂಗೆ? ಅಂಗಡಿ ಬಾಗಿಲ್ ಹಾಕು. ಕುಣಿಗಲ್‌ಗೆ ಹೋಗಿ ಲಕ್ಷ್ಮೀದೇವಮ್ಮನ ಹತ್ರ ನನ್ ಮಿಶನ್ ಈಸ್ಕಂಡು ಬಾ."

ನೂರ್ ಅಹಮದ್ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡ. ಹನುಮಂತರಾಜು ಅವನ ಮುಖ ನೋಡಿ, ಏನೋ ಅನಾಹುತವಾಗಿದೆ ಅಂತ ಎದ್ದು ನಿಂತ.

"ಈಗ್ಲೇ ಹೋಗ್ತೀನಿ ಆಪಾ" ಎಂದ ನೂರ್ ಅಹಮದ್. "ತಂದು ಎಲ್ಲಿಡ್ಲಿ? ಕಿಟಕಿ ಹತ್ರ ಇಟ್ರೆ ಬೆಳಕು..."

"ನೀನ್ ಏನೂ ಇಡಬ್ಯಾಡ!" ಎಂದು ಫೋನಿನೊಳಗಿಂದ ಇಬ್ಬರೂ ಒಟ್ಟಿಗೆ ಕೂಗಿದರು. ಆಮೇಲೆ ಅಕ್ಕ ಒಬ್ಬಳೇ ಹೇಳಿದಳು. "ಎಲ್ಲಿಡ್ಬೇಕು ಅಂತ ನಾವಿಬ್ರೂ ನೋಡ್ಕಂಡಿದೀವಿ. ನೀನು ಬಾಯ್ ಮುಚ್ಕಂಡು ತಂದು ಇಳ್ಸು, ಸಾಕು."